ಕಲಿಸುವ ಖರ್ಚು ಯಾರದು?

ವಿಮಾನ ನಡೆಸುವ ಪೈಲಟುಗಳ ವಿಷಯ ನಮಗೇಕೆ, ನಾವು ಕಾವಲಿಯ ಮುಂದೆ, ಮಗ್ಗದ ಮುಂದೆ ನಿಂತವರು ಎಂದು ಬಂಧುಗಳು ಕೇಳಬಹುದು. ಕಳೆದ ತಿಂಗಳವರೆಗೆ ನಾವೂ ಹಾಗೆಯೇ ತಿಳಿದಿದ್ದೆವು.

ಗೋರೆಗಾಂವಿನ ಹೋಟೆಲೊಂದರಲ್ಲಿ ದೋಸೆ ಹಾಕುವ ನಮ್ಮ ಸದಸ್ಯರೊಬ್ಬರು ಒಂದು ರಾತ್ರಿ ಕೆಲಸ ಮುಗಿಸಿ ಸಂಘದ ಕಚೇರಿಗೆ ಬಂದರು. ಅವರ ಮಗಳು ಹನ್ನೆರಡನೆಯ ತರಗತಿಯ ಗಣಿತ, ಭೌತಶಾಸ್ತ್ರಗಳಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ, ಪೈಲಟ್ ಆಗಬೇಕೆನ್ನುತ್ತಾಳೆ. ವಿಮಾನ ಕಂಪೆನಿಯ ತರಬೇತಿ ಯೋಜನೆಗೆ ಸೇರಲು ಸುಮಾರು 1 ಕೋಟಿ ರೂಪಾಯಿ ಬೇಕಂತೆ. "ಊರಿನ ಮನೆ, ಗದ್ದೆ ಎರಡೂ ಮಾರಿದರೂ ಅರ್ಧ ಆಗಲಿಕ್ಕಿಲ್ಲ. ಅವಳಿಗೆ ಇಲ್ಲವೆಂದು ಹೇಗೆ ಹೇಳುವುದು ಮಾರಾಯ್ರೆ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮ ನೆರೆಯ ಜುಹೂ ಮೈದಾನಕ್ಕೆ 1932ರಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ವಿಮಾನ ತಂದು ಇಳಿಸಿದರು. ಆ ಕಾಲದಲ್ಲಿ ಹಾರಾಟ ಕಲಿಯುವುದು ಸ್ಥಿತಿವಂತರ ಹವ್ಯಾಸ. ಖರ್ಚು ಅವರದೇ ಆಗಿದ್ದರೆ ತಪ್ಪೇನೂ ಇಲ್ಲ. ಇಂದು ಅದು ಸಾವಿರಾರು ಜನರ ಕೆಲಸ. ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಅದಾದ ಮೇಲೆ ಕಂಪೆನಿಯು ಓಡಿಸುವ ಜಾತಿಯ ವಿಮಾನಕ್ಕೆಂದೇ ಬೇರೆ ತರಬೇತಿ. ಈ ಎರಡನೆಯದನ್ನೂ ಅಭ್ಯರ್ಥಿಯ ತಲೆಗೆ ಕಟ್ಟುವುದು ರೂಢಿಯಾಗುತ್ತಿದೆ.

ಈ ರೂಢಿ ನಮಗೆ ಹೊಸದಲ್ಲ. ಗಿರಣಿಯಲ್ಲಿ ಕೆಲಸ ಸಿಗಬೇಕಾದರೆ ಜಾಬರನ ಕೈಗೆ ದಸ್ತೂರಿ ಇಡಬೇಕಾಗಿತ್ತೆಂದು ಹಿರಿಯರಿಂದ ಕೇಳಿದ್ದೇವೆ; 1931ರ ರಾಯಲ್ ಕಮಿಷನ್ ವರದಿಯಲ್ಲಿಯೂ ಆ ಲಂಚದ ಮಾತಿದೆ. ನಾವು ಊರಿನಿಂದ ಬಂದು ಹೋಟೆಲು ಸೇರಿದಾಗ ಮೊದಲ ಆರು ತಿಂಗಳು ಊಟ ಮತ್ತು ಮಲಗಲು ಜಾಗ, ಅಷ್ಟೆ. "ಕೆಲಸ ಕಲಿಯುತ್ತಿದ್ದಿ, ಪಗಾರ ಯಾತಕ್ಕೆ?" ಎಂಬುದು ಧಣಿಯ ಮಾತು. ಆದರೆ ನಾವು ತೊಳೆದ ಲೋಟದಲ್ಲಿ ಗಿರಾಕಿ ಕುಡಿದ ಚಹಾದ ಹಣ ಮೊದಲ ದಿನದಿಂದಲೇ ಗಲ್ಲಾಕ್ಕೆ ಬೀಳುತ್ತಿತ್ತು. ಕಲಿಯುವವನಿಗೆ ಮಾಲಕನೇ ವಿದ್ಯಾವೇತನ ಕೊಡಬೇಕೆಂಬ ತತ್ವವನ್ನು 1961ರ ಅಪ್ರೆಂಟಿಸ್ ಕಾಯಿದೆ ಒಪ್ಪಿಕೊಂಡಿದೆ. ನೆಲದ ಮೇಲೆ ನ್ಯಾಯವಾದದ್ದು ಆಕಾಶದಲ್ಲಿ ಅನ್ಯಾಯವಾಗುವುದೆ?

ಮಾಲಕರ ಆಕ್ಷೇಪವೂ ಇದೆ: ಕಲಿಸಿದ ಮೇಲೆ ಎದುರಿನ ಕಂಪೆನಿಗೆ ಹೋದರೆ ನಷ್ಟ ಯಾರದು? ಇದು ಸುಳ್ಳಲ್ಲ. ದೋಸೆ ಭಟ್ಟರನ್ನು ರಸ್ತೆಯಾಚೆಯ ಹೋಟೆಲಿನವರು ಎಳೆದುಕೊಂಡದ್ದನ್ನು ನಾವು ಕಂಡಿಲ್ಲವೆ? ಆದರೆ ಮಾಲಕರು ಅಸಹಾಯಕರಲ್ಲ. 2017ರ ನಿಯಮದಂತೆ ಕೆಲಸ ಬಿಡುವ ಕ್ಯಾಪ್ಟನ್ ಒಂದು ವರ್ಷ, ಸಹ ಪೈಲಟ್ ಆರು ತಿಂಗಳು ಮುಂಚೆ ನೋಟೀಸು ಕೊಡಬೇಕು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ವ್ಯಾಜ್ಯದಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ತೆರಬೇಕೆಂಬ ಕರಾರನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಕಟ್ಟಿಹಾಕುವ ಹಗ್ಗ ಮಾಲಕರ ಕೈಯಲ್ಲಿರುವಾಗ ಹಗ್ಗದ ಬೆಲೆಯನ್ನೂ ಕೆಲಸಗಾರನೇ ಕೊಡಬೇಕೇ?

ಪೈಲಟಿಗೆ ಲಕ್ಷಗಟ್ಟಲೆ ಪಗಾರ, ಸಾಲ ತೀರಿಸಲಿ ಎನ್ನುವವರಿದ್ದಾರೆ. ಸಾಲ ಬರುವುದು ಮೊದಲು, ಪಗಾರ ಬರುವುದು ಆಮೇಲೆ, ಅದೂ ಬಂದರೆ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಕೆಲಸ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲವೆಂಬುದನ್ನು 1982ರ ಗಿರಣಿ ಮುಷ್ಕರ ಕಂಡ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಮಾತು: ಸಾಲದಲ್ಲಿ ಮುಳುಗಿದವನು "ದಣಿದಿದ್ದೇನೆ, ಇಂದು ಹಾರಿಸಲಾರೆ" ಎನ್ನಲು ಹೆದರುತ್ತಾನೆ. ಆ ಹೆದರಿಕೆಯ ಬೆಲೆ ಹಿಂದೆ ಕುಳಿತ ಪ್ರಯಾಣಿಕರದು.

ಬೇರೆ ದಾರಿ ಇಲ್ಲವೆಂದಲ್ಲ. ಬ್ರಿಟಿಷ್ ಏರ್‌ವೇಸ್ 2023ರಲ್ಲಿ, ಹಣವಿಲ್ಲದವರೂ ಪೈಲಟುಗಳಾಗಲೆಂದು ಸುಮಾರು 60 ಮಂದಿಯ ತರಬೇತಿಯ ಖರ್ಚನ್ನು ತಾನೇ ಹೊರುವ ಯೋಜನೆ ಸಾರಿತು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಲೈಸೆನ್ಸಿನ ಕಲಿಕೆಗೆ ಬಡವರ ಮಕ್ಕಳಿಗೆ ಸರಕಾರ ವಿದ್ಯಾರ್ಥಿವೇತನ ಕೊಡಲಿ. ತನ್ನ ವಿಮಾನ ನಡೆಸಲು ಬೇಕಾದ ತರಬೇತಿಯನ್ನು ಕಂಪೆನಿ ತನ್ನ ಖರ್ಚಿನಲ್ಲಿ, ಪಗಾರ ಕೊಟ್ಟು ಕಲಿಸಲಿ. ಕರಾರು ಬೇಕಿದ್ದರೆ ಇರಲಿ. ಆದರೆ ದುಡಿದ ಒಂದೊಂದು ತಿಂಗಳಿಗೂ ಆ ಮೊತ್ತ ಇಳಿಯಬೇಕು, ಕಂಪೆನಿಯೇ ತೆಗೆದುಹಾಕಿದರೆ ಅಥವಾ ಬಾಗಿಲು ಮುಚ್ಚಿದರೆ ಅದು ರದ್ದಾಗಬೇಕು. ನಮ್ಮ ಹೋಟೆಲುಗಳಿಗೂ ಇದೇ ಮಾತು: ಇಂದು ಸೇರಿದ ಹುಡುಗನಿಗೆ ಇಂದಿನಿಂದಲೇ ಪಗಾರ. ಇದನ್ನು ಕೇಳದೆ ಪೈಲಟುಗಳ ಪರ ಮಾತಾಡಲು ನಮಗೆ ಬಾಯಿಲ್ಲ.

ಗದ್ದೆ ಮಾರಬೇಡಿ ಎಂದು ಆ ಸದಸ್ಯರಿಗೆ ಹೇಳಿ ಕಳುಹಿಸಿದೆವು. ಮಗಳು ಸದ್ಯ ಬಿ.ಎಸ್ಸಿ. ಸೇರಿದ್ದಾಳೆ. ಅವಳ ಅಂಕಪಟ್ಟಿಯಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಅಪ್ಪನ ಕಿಸೆಯಲ್ಲಿ. ಅದನ್ನು ನೋಡಿ ಪೈಲಟುಗಳನ್ನು ಆರಿಸುವ ಪದ್ಧತಿ ನಿಲ್ಲಬೇಕು.