ಆಪ್ತಸಮಾಲೋಚಕರು ಎಲ್ಲಿಂದ ಬರಬೇಕು?

ಬೀದರ್‌ನಿಂದ ಭಾಲ್ಕಿಗೆ ಸಾಗುವ ರೈಲು ಮಾರ್ಗದಲ್ಲಿ ಹಲಬರ್ಗಾ ಒಂದು ಸಣ್ಣ ನಿಲ್ದಾಣ. ಈಚೆಗೆ ಆ ಊರಿಗೆ ಹೋಗಿದ್ದಾಗ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಆಪ್ತಸಮಾಲೋಚಕಿ ಆಗಲು ಏನು ಓದಬೇಕು, ಎಲ್ಲಿ ಓದಬೇಕು?’ ಮೊದಲ ಪ್ರಶ್ನೆಗೆ ಉತ್ತರಿಸಿದೆ. ಎರಡನೆಯದಕ್ಕೆ ತಡವರಿಸಿದೆ.

ಪದವಿಯಲ್ಲಿ ಮನೋವಿಜ್ಞಾನ, ಅನಂತರ ಅದೇ ವಿಷಯದಲ್ಲಿ ಇಲ್ಲವೇ ಆಪ್ತಸಮಾಲೋಚನೆಯಲ್ಲಿ 2 ವರ್ಷಗಳ ಸ್ನಾತಕೋತ್ತರ ವ್ಯಾಸಂಗ. ಇದು ರೂಢಿಯ ದಾರಿ. ಸಮಾಜಕಾರ್ಯದ ಎಂ.ಎಸ್‌.ಡಬ್ಲ್ಯು. ಇನ್ನೊಂದು. ಮನೋವೈದ್ಯರು ಎಂ.ಬಿ.ಬಿ.ಎಸ್‌. ಮುಗಿಸಿ ಬಂದವರು, ಚಿಕಿತ್ಸಾ ಮನೋವಿಜ್ಞಾನಿಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ‘ಆಪ್ತಸಮಾಲೋಚಕ’ ಎಂಬ ಹೆಸರಿಗೆ ಮಾತ್ರ ಬಹುಕಾಲ ಅಂಥ ಕಾವಲು ಇರಲಿಲ್ಲ. ವಾರಾಂತ್ಯದ ತರಬೇತಿ ಪಡೆದವರೂ ಫಲಕ ತೂಗುಹಾಕಬಹುದಾಗಿತ್ತು. ಸರಕಿನ ಗುಣಮಟ್ಟ ಕೊಳ್ಳುವವನಿಗೆ ತಿಳಿಯದಿದ್ದಾಗ ಕಳಪೆ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದ ಹೊರದೂಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್‌ ಅಕರ್ಲಾಫ್‌ 1970ರಲ್ಲಿ ಹಳೆಯ ಕಾರುಗಳ ನಿದರ್ಶನದಿಂದ ತೋರಿಸಿದರು. ಇಲ್ಲಿ ನಷ್ಟವಾಗುವುದು ಹಣವಷ್ಟೇ ಅಲ್ಲ, ನೊಂದ ಮನಸ್ಸಿನ ನಂಬಿಕೆ.

ಆದ್ದರಿಂದ ಈ ಕ್ಷೇತ್ರವನ್ನು ನಿಯಮದ ಚೌಕಟ್ಟಿಗೆ ತಂದ 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಸ್ವಾಗತಾರ್ಹ. ಅದರ ಮುಂದುವರಿಕೆಯಾಗಿ 2025ರ ಆಗಸ್ಟ್‌ನಲ್ಲಿ ಯುಜಿಸಿ, ಮನೋವಿಜ್ಞಾನದ ದೂರಶಿಕ್ಷಣ ಹಾಗೂ ಆನ್‌ಲೈನ್‌ ಕೋರ್ಸುಗಳನ್ನು ನಿಲ್ಲಿಸುವಂತೆ ಸೂಚಿಸಿತು. ಇನ್ನೊಬ್ಬರ ಅಳಲನ್ನು ಆಲಿಸುವ ವಿದ್ಯೆ ಅಂಚೆಯಲ್ಲಿ ಬರುವಂಥದ್ದಲ್ಲ; ಹಿರಿಯರ ನಿಗಾದಲ್ಲಿ ಎದುರುಬದುರು ಕುಳಿತೇ ಕಲಿಯಬೇಕು. ಆದರೆ ಕಾಲೇಜಿನಿಂದ ದೂರವಿರುವ, ಮನೆ ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ ತೆರೆದಿದ್ದ ಬಾಗಿಲೂ ಅದೇ ಆಗಿತ್ತು.

ಅದಕ್ಕೆ ಒಂದು ತಿಂಗಳ ಮೊದಲು, ಜುಲೈ 25ರಂದು, ಸುಪ್ರೀಂ ಕೋರ್ಟ್‌ ವಿಶಾಖಪಟ್ಟಣದ ನೀಟ್‌ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನೋವಿಜ್ಞಾನಿ ಇಲ್ಲವೇ ಸಮಾಜಕಾರ್ಯಕರ್ತರನ್ನು ಹೊಂದಿರಬೇಕೆಂದು ನಿರ್ದೇಶಿಸಿತ್ತು. ನೀಟ್‌ ತರಬೇತಿಗೆಂದು ಪರಊರಿನ ಮಕ್ಕಳು ಬಂದು ನೆಲೆಸುವ ಬೀದರ್‌ಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಬೇಡಿಕೆ ಹಿಗ್ಗಿತು, ಪೂರೈಕೆಯ ದಾರಿ ಕಿರಿದಾಯಿತು. ಇಂಥ ಸಂದರ್ಭದಲ್ಲಿ ಆಡಳಿತ ಏನು ಮಾಡುತ್ತದೆಂಬುದನ್ನು ಸೇವೆಯಲ್ಲಿದ್ದಾಗ ಕಂಡಿದ್ದೇನೆ: ಇರುವ ಶಿಕ್ಷಕರೊಬ್ಬರಿಗೆ ‘ಹೆಚ್ಚುವರಿ ಪ್ರಭಾರ’ ವಹಿಸಿ ಆದೇಶ ಪಾಲನೆಯಾಯಿತೆಂದು ವರದಿ ಕಳುಹಿಸುತ್ತದೆ.

ಹೊರಗಿನಿಂದ ಕರೆತರುವುದು ಪರಿಹಾರವಲ್ಲ. ಕನ್ನಡದೊಳಗೆ ಮರಾಠಿ, ಉರ್ದು ಬೆರೆಸಿ ಮಾತಾಡುವ ಮಗು ತನ್ನ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಿಕೊಳ್ಳಲಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ ಸಹಾಯವಾಣಿ (14416) ತುರ್ತಿಗೆ ಉಪಯುಕ್ತ. ದಿನವೂ ಕಣ್ಣಿಗೆ ಬೀಳುವ ವ್ಯಕ್ತಿಗೆ ಅದು ಬದಲಿಯಾಗದು. 371(ಜೆ) ವಿಧಿಯು ಸ್ಥಳೀಯರಿಗೆ ಹುದ್ದೆ ಮೀಸಲಿಟ್ಟರೂ ಅರ್ಹ ಸ್ಥಳೀಯರೇ ಇಲ್ಲದಿದ್ದರೆ ಮೀಸಲಾತಿ ಖಾಲಿ ಕುರ್ಚಿಯನ್ನಷ್ಟೇ ಕಾಯುತ್ತದೆ.

ಮಾದರಿಗಾಗಿ ದೂರ ಹುಡುಕಬೇಕಿಲ್ಲ. ನಿಮ್ಹಾನ್ಸ್‌ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಬೀದರ್‌ಗೆ ಈಗ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025–26ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಅದರ ಅಲ್ಪಾಂಶದಲ್ಲಿ, ಕನ್ನಡದಲ್ಲೂ ಬೋಧಿಸುವ ಆಪ್ತಸಮಾಲೋಚನೆಯ ಸ್ನಾತಕೋತ್ತರ ತರಗತಿಯನ್ನು ಬೀದರ್‌ನಲ್ಲಿಯೇ ಬಲವಾಗಿ ಕಟ್ಟಬಹುದು. ಭಾಲ್ಕಿ, ಔರಾದ್‌ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗಾಸಹಿತ ತರಬೇತಿ, ಕಲಿಯುವವರಿಗೆ ಶಿಷ್ಯವೇತನ, ಮುಗಿಸಿದವರಿಗೆ ವರ್ಷ ವರ್ಷದ ಗುತ್ತಿಗೆಯ ಬದಲು ಕಾಯಂ ಹುದ್ದೆ ಕೊಡಬಹುದು.

ನಿಯಮ ಬಿಗಿಯಾಗಲಿ, ಅದರಲ್ಲಿ ರಾಜಿ ಬೇಡ. ಆದರೆ ಒಂದು ಬಾಗಿಲು ಮುಚ್ಚಿದ ಸರ್ಕಾರ ಇನ್ನೊಂದನ್ನು ತೆರೆಯಬೇಕು. ‘ಎಲ್ಲಿ ಓದಬೇಕು’ ಎಂಬ ಪ್ರಶ್ನೆಗೆ ಬೆಂಗಳೂರು ಎಂದಷ್ಟೇ ಹೇಳಿದರೆ ಆ ಹುಡುಗಿ ಓದುವುದಿಲ್ಲ. ಬೀದರ್‌ ಎಂದು ಹೇಳುವಂತಾದರೆ ಓದುತ್ತಾಳೆ, ಓದಿ ಹಲಬರ್ಗಾಕ್ಕೇ ಮರಳುತ್ತಾಳೆ.