ಕಡಲ ನೀರು ಮೊದಲು ಕಾರ್ಖಾನೆಗೆ ಹೋಗಲಿ

ಏಪ್ರಿಲ್ ಬಂತೆಂದರೆ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಎಂಬುದು ಮಂಗಳೂರಿಗೆ ದೊಡ್ಡ ಸುದ್ದಿ. ಮಟ್ಟ ಇಳಿದಂತೆಲ್ಲ ‘ಪಕ್ಕದಲ್ಲೇ ಕಡಲಿದೆಯಲ್ಲ, ಅದನ್ನೇ ಸಿಹಿ ಮಾಡಿ ಕೊಡಿ’ ಎಂಬ ಕೂಗು ಏಳುತ್ತದೆ. ಸೌದಿಯ ಜುಬೈಲ್‌ನಲ್ಲಿ ಅದೇ ಕೆಲಸ ಮಾಡಿಕೊಂಡಿದ್ದು ಊರಿಗೆ ಮರಳಿದವನು ನಾನು. ಆ ತಂತ್ರಜ್ಞಾನದ ಮೇಲೆ ನನಗೆ ಗೌರವವಿದೆ. ಜುಬೈಲ್ ಕಡಲ ನೀರು ಕೊಳವೆಯಲ್ಲಿ ಮರುಭೂಮಿ ದಾಟಿ ರಿಯಾದ್‌ನ ಬಾಯಾರಿಕೆ ತಣಿಸುತ್ತದೆ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ ಮಳೆ ಸುರಿಯುವ ಊರು ರಿಯಾದ್‌ನ ದಾರಿ ಹಿಡಿಯುವ ಮುಂಚೆ ಲೆಕ್ಕ ಬಿಚ್ಚಿ ನೋಡಬೇಕು.

2023ರಲ್ಲಿ ಕಡಲ ನೀರು ಸಿಹಿ ಮಾಡುವ ದುಬೈನ ಹಸ್ಯಾನ್ ಯೋಜನೆಗೆ ಬಂದ ಬಿಡ್ ಸಾವಿರ ಲೀಟರಿಗೆ ಸುಮಾರು 37 ಸೆಂಟ್, ಅಂದರೆ 30 ರೂಪಾಯಿ ಆಸುಪಾಸು. ಈ ಅಂಕಿಯನ್ನು ಇಲ್ಲಿ ಬಹಳ ಜನ ಉದಾಹರಿಸುತ್ತಾರೆ. ಅದರ ಹಿಂದೆ ಅಗ್ಗದ ಸೌರ ವಿದ್ಯುತ್ತಿದೆ, ಕಡಿಮೆ ಬಡ್ಡಿಯ ದೀರ್ಘ ಸಾಲವಿದೆ, ವರ್ಷವಿಡೀ ನಿಲ್ಲದೆ ಓಡುವ ಸ್ಥಾವರವಿದೆ. ಆ ಮೂರೂ ಇಲ್ಲದ ಕಡೆ ಆ ದರವೂ ಸಿಗದು.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ನೀರನ್ನು 60 ಬಾರ್ ಒತ್ತಡದಲ್ಲಿ ಉಪ್ಪು ತಡೆಯುವ ಮೆಂಬ್ರೇನ್‌ಗೆ ತಳ್ಳಬೇಕು. ಒಳ್ಳೆಯ ಸ್ಥಾವರಕ್ಕೂ ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ಕರೆಂಟ್ ಬೇಕು. ನಾಳೆ ಇದು ಇನ್ನಷ್ಟು ಇಳಿಯಬಹುದು, ಆದರೆ ಒಂದು ಯೂನಿಟ್ಟಿನ ಹತ್ತಿರ ಪ್ರಕೃತಿಯೇ ಗೆರೆ ಎಳೆದಿದೆ. ಬೆಂಗಳೂರಿಗೂ ಈ ನೀರು ಒಯ್ಯೋಣ ಎನ್ನುವವರು ಇನ್ನೊಂದು ಲೆಕ್ಕ ಹಾಕಲಿ. ಸಾವಿರ ಲೀಟರನ್ನು 900 ಮೀಟರ್ ಎತ್ತಲು, ಪಂಪಿನ ನಷ್ಟ ಸೇರಿ, ಮತ್ತೆ ಮೂರು ಯೂನಿಟ್ ಬೇಕು. ಉಪ್ಪು ತೆಗೆಯಲು ತಗಲುವಷ್ಟೇ ಘಾಟಿ ಹತ್ತಿಸಲೂ ತಗಲುತ್ತದೆ.

ಹೊರಗಿನವರಿಗೆ ಕಾಣದ ಖರ್ಚು ಇನ್ನೊಂದಿದೆ: ಮೆಂಬ್ರೇನ್ ಕಟ್ಟಿಕೊಳ್ಳದಂತೆ ಕಡಲ ನೀರನ್ನು ಮೊದಲೇ ಸೋಸುವುದು. ಮೆಂಬ್ರೇನ್‌ಗೆ ಹೋಗುವ ನೀರು ಸಾಕಷ್ಟು ಶುದ್ಧವೇ ಎಂದು ನೋಡಲು ಅದನ್ನು ನಾವು ಲ್ಯಾಬಿನಲ್ಲಿ ಬಿಳಿ ಫಿಲ್ಟರ್ ಬಿಲ್ಲೆಯ ಮೂಲಕ ಹರಿಸುತ್ತಿದ್ದೆವು. ಅದರ ರಂಧ್ರ 0.45 ಮೈಕ್ರಾನ್. ಅರ್ಧ ಲೀಟರ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು, ಕಾಲು ಗಂಟೆ ಹರಿದ ಮೇಲೆ ಎಷ್ಟು ಹಿಡಿಯಿತು ಎಂದು ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳಬೇಕು. ಬಿಲ್ಲೆ ಕೆನೆಬಣ್ಣದಲ್ಲಿದ್ದರೆ ನೆಮ್ಮದಿ. ಕಂದಾಗಿ, ಚಿಮಟದ ತುದಿಗೆ ಲೋಳೆ ಅಂಟಿದರೆ ಕಂಟ್ರೋಲ್ ರೂಮಿಗೆ ಫೋನ್ ಮಾಡಲೇಬೇಕು. 2008-09ರಲ್ಲಿ ಕೊಲ್ಲಿಯಲ್ಲಿ ಕೆಂಪು ಪಾಚಿ ಹಬ್ಬಿದಾಗ ಹಲವು ಸ್ಥಾವರಗಳು ವಾರಗಟ್ಟಲೆ ನಿಂತಿದ್ದವು. ನಮ್ಮಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಮಳೆಗಾಲದಲ್ಲಿ ಕೆಮ್ಮಣ್ಣು ಹೊತ್ತು ಬೆಂಗ್ರೆಯ ಬಳಿ ಕಡಲು ಸೇರುತ್ತವೆ. ಆ ತಿಂಗಳುಗಳಲ್ಲಿ ಕಡಲ ನೀರು ಶುದ್ಧೀಕರಿಸುವುದು ಕಷ್ಟ, ಊರಿಗೆ ಅದರ ಅಗತ್ಯವೂ ಇಲ್ಲ. ಸಾಲದ ಕಂತು ಮಾತ್ರ ಮಳೆಗಾಲದಲ್ಲೂ ಕಟ್ಟಬೇಕು.

ಮೆಲ್ಬೋರ್ನ್ ಇದನ್ನು ಅನುಭವಿಸಿದೆ. ಬರದ ಭಯದಲ್ಲಿ ಕೈಗೆತ್ತಿಕೊಂಡ ವೊಂತಗಿ ಸ್ಥಾವರ 2012ರಲ್ಲಿ ಸಿದ್ಧವಾಗುವ ಹೊತ್ತಿಗೆ ಮಳೆ ಬಂದಿತ್ತು. ಕೊಳ್ಳಲೆಂದು ತರಿಸಿಕೊಂಡ ಮೊದಲ ನೀರು ಹರಿದದ್ದು 2017ರಲ್ಲಿ. ನೀರು ಬೇಡದಿದ್ದ ವರ್ಷಗಳಲ್ಲೂ ಒಪ್ಪಂದದ ಹಣವನ್ನು ಜನ ಕಟ್ಟುತ್ತಲೇ ಇದ್ದರು. ಚೆನ್ನೈ ಸ್ಥಿತಿ ಬೇರೆ. ಅಲ್ಲಿ ಸದಾ ತುಂಬಿ ಹರಿಯುವ ನದಿಯಿಲ್ಲ, ಮೀಂಜೂರು, ನೆಮ್ಮೇಲಿ ಸ್ಥಾವರಗಳು ನಿಜಕ್ಕೂ ಆಸರೆಯಾಗಿವೆ.

ಹಾಗಾದರೆ ಮಂಗಳೂರಿಗೆ ಇದು ಬೇಡವೇ? ಬೇಕು, ಆದರೆ ಕಾರ್ಖಾನೆಗಳಿಗೆ. ಎಂಆರ್‌ಪಿಎಲ್ ತಣ್ಣೀರುಬಾವಿಯಲ್ಲಿ ದಿನಕ್ಕೆ ಮೂರು ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರ ಕಟ್ಟಿದೆ. ಇದೇ ಸರಿಯಾದ ಕ್ರಮ. ಮಾಲಿನ ಬೆಲೆಯಲ್ಲಿ ನೀರಿನ ಖರ್ಚನ್ನು ಸೇರಿಸಬಲ್ಲವರು ಕಡಲಿಗೆ ಹೋಗಬೇಕು, ನೇತ್ರಾವತಿ ಮನೆಗಳಿಗೆ ಉಳಿಯಬೇಕು. ಕರಾವಳಿಗೆ ಬರುವ ಪ್ರತಿ ದೊಡ್ಡ ಉದ್ದಿಮೆಗೂ ಪರವಾನಗಿಯಲ್ಲೇ ಈ ಷರತ್ತು ಹಾಕಿ. ಹೊರಬಿಡುವ ಗಟ್ಟಿ ಉಪ್ಪುನೀರು ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ಬೀಳಬೇಕೆಂದು ಅಲ್ಲಿ ಬಲೆ ಹಾಕುವ ಮೀನುಗಾರರನ್ನು ಕೂರಿಸಿಕೊಂಡೇ ತೀರ್ಮಾನಿಸಿ. ನಗರದ ಕೊಳವೆಗಳ ಸೋರಿಕೆ ತಡೆಯುವುದು, ಚರಂಡಿ ನೀರು ಶುದ್ಧೀಕರಿಸಿ ಮರುಬಳಸುವುದು ಕಡಲ ನೀರಿಗಿಂತ ಎಷ್ಟೋ ಅಗ್ಗ. ಅವನ್ನು ಮೊದಲು ಮುಗಿಸಿ.

ಅಷ್ಟಾದ ಮೇಲೂ ಮನೆಗಳಿಗೆ ಕಡಲ ನೀರೇ ಗತಿಯೆಂದಾದರೆ, ಟೆಂಡರ್ ಕರೆಯುವ ಮುನ್ನ ಒಪ್ಪಂದದ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ. ನೀರು ಬೇಡದ ತಿಂಗಳಲ್ಲಿ ಪಾಲಿಕೆ ಎಷ್ಟು ಹಣ ಕಟ್ಟಬೇಕೆಂಬ ಷರತ್ತು ಅದರ ಮೊದಲ ಪುಟದಲ್ಲೇ ಇರಲಿ.