ಅಂಗಳಕ್ಕೆ ಇಟ್ಟಿಗೆ ಎಷ್ಟು?

ಹಿತ್ತಲ ಅಂಗಳಕ್ಕೆ ಇಟ್ಟಿಗೆ ಹಾಸಿಸಬೇಕೆಂದಿರುವ ಗೃಹಸ್ಥರು ಗಾರೆಯವನ ಕಣ್ಣಳತೆಯೊಂದನ್ನೇ ನಂಬಿ ಹಣ ತೆರಬೇಕಾದುದಿಲ್ಲ. ಭಾಸ್ಕರಾಚಾರ್ಯರು ‘ಲೀಲಾವತಿ’ಯ ಚಿತಿವ್ಯವಹಾರದಲ್ಲಿ, ಚಿತಿಯ ಘನಫಲವನ್ನು ಒಂದು ಇಟ್ಟಿಗೆಯ ಘನಫಲದಿಂದ ಭಾಗಿಸಿ ಸಂಖ್ಯೆಯನ್ನು ಪಡೆಯುವ ಕ್ರಮವನ್ನು ತಿಳಿಸಿರುವರು. ಅಂಗಳದ ಹಾಸು ಒಂದೇ ವರಸೆಯಾದುದರಿಂದ ನಮಗೆ ಕ್ಷೇತ್ರಫಲವೇ ಸಾಕು. ಆದರೆ ಇಟ್ಟಿಗೆಯ ಯಾವ ಮೈ ಮೇಲಿರತಕ್ಕದ್ದೆಂಬುದನ್ನು ಮೊದಲು ನಿಶ್ಚಯಿಸಬೇಕು. ಲೆಕ್ಕ ತಪ್ಪುವುದು ಇಲ್ಲಿಯೇ. 9 ಅಂಗುಲ ಉದ್ದ, 4½ ಅಂಗುಲ ಅಗಲ, 3 ಅಂಗುಲ ದಪ್ಪದ ಇಟ್ಟಿಗೆಯು ಮಲಗಿದರೆ 40½ ಚದರ ಅಂಗುಲವನ್ನೂ, ಅಂಚಿನ ಮೇಲೆ ನಿಂತರೆ 27ನ್ನೂ ಮುಚ್ಚುವುದು. ಸಂದು ಬಿಡದೆ ಜೋಡಿಸಿದರೆ, 12 ಅಡಿಗೆ 10 ಅಡಿಯ ಅಂಗಳಕ್ಕೆ ಮೊದಲನೆಯ ಬಗೆಯಲ್ಲಿ 427, ಎರಡನೆಯದರಲ್ಲಿ 640! ಬರಿಯ ನಡೆದಾಟಕ್ಕೆ ಮಲಗಿಸಿದುದೇ ಸಾಲದೆ? ಒಡಕಿಗೆಂದು ನೂರಕ್ಕೆ ಐದನ್ನು ಕೂಡಿಸಿ, ಎಲ್ಲವನ್ನೂ ಒಂದೇ ಗೂಡಿನಿಂದ ಒಂದೇ ಸಲಕ್ಕೆ ತರಿಸತಕ್ಕದ್ದು. ಆಮೇಲೆ ತರಿಸಿದುದರ ಬಣ್ಣವೂ ಅಳತೆಯೂ ಹೊಂದುವುದು ಅಪರೂಪ.